ಬರೀ ಕೈ ಆಡಸೋ ಕೆಲಸ

ಭಾನುವಾರದ ರೊಟ್ಟಿಗೆ ಗ್ರೀಸಿನ ವಾಸನೆ ಬರುತ್ತದೆ ಎಂದು ಬಾಲಮ್ಮ ವಾರವಾರವೂ ಹೇಳುತ್ತಾಳೆ. ಹೇಳಿ ನಾಲ್ಕು ರೊಟ್ಟಿ ತಿನ್ನುತ್ತಾಳೆ. ಮಗ ಹಾಲೇಶ ಏನೂ ಹೇಳದೆ ಐದು ತಿನ್ನುತ್ತಾನೆ. ರೊಟ್ಟಿ ಬಡಿದ ಸೊಸೆ ಮಲ್ಲೇಶ್ವರಿಗೆ ಮಾತ್ರ ಅವತ್ತು ತುತ್ತು ಇಳಿಯುವುದಿಲ್ಲ. ಡೀಸೆಲ್ಲಿನಲ್ಲಿ ಒಮ್ಮೆ, ಬೂದಿಯಲ್ಲಿ ಒಮ್ಮೆ, ಬಟ್ಟೆ ಸೋಪಿನಲ್ಲಿ ಎರಡು ಸಲ, ಕಡೆಗೆ ಹಿಂಡಿ ಬಿಸಾಡಿದ ನಿಂಬೆ ಸಿಪ್ಪೆಯಲ್ಲಿ ಒಮ್ಮೆ ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗುವುದಿಲ್ಲ. ಆ ಕೈ ಬಾಯಿಯ ಹತ್ತಿರ ಬಂದ ಕೂಡಲೇ ವ್ಯಾನಿನ ಕೆಳಗಿನ ಕತ್ತಲೆಯೇ ಬಾಯಿಗೆ ಬಂದಂತಾಗುತ್ತದೆ.

ಮಾನ್ವಿ ತಾಲೂಕಿನ ಬಾಗಲವಾಡದಲ್ಲಿ ಆ ವ್ಯಾನನ್ನು ಹಾಲೇಶನ ವ್ಯಾನು ಅನ್ನುತ್ತಾರೆ. ಹದಿನೆಂಟು ವರ್ಷದ ಹಳೆಯ ಗಾಡಿ. ದಿನಾ ಬೆಳಿಗ್ಗೆ ಊರಿನ ಮಕ್ಕಳನ್ನು ಮಾನ್ವಿಯ ಒಂದು ಖಾಸಗಿ ಶಾಲೆಗೆ ಒಯ್ಯುತ್ತದೆ, ಸಂಜೆ ತಂದು ಬಿಡುತ್ತದೆ. ಬಣ್ಣ ಹೋಗಿದೆ, ಸೀಟಿನ ಹೊಟ್ಟೆ ಹರಿದಿದೆ. ಆದರೆ ಅದರ ಜಾರುವ ಬಾಗಿಲನ್ನು ಒಂದನೇ ಇಯತ್ತೆಯ ಹುಡುಗಿ ಒಂದೇ ಬೆರಳಿನಲ್ಲಿ ಸರಿಸುತ್ತಾಳೆ. ಗೇರು ಕೈ ಇಟ್ಟರೆ ಬೀಳುತ್ತದೆ. ಹ್ಯಾಂಡ್‌ಬ್ರೇಕು ಎಳೆದರೆ ಕಿರ್ರೆನ್ನುವುದಿಲ್ಲ. "ಹಾಲೇಶ ಗಾಡೀನ ಮಗಳ ಹಂಗ ನೋಡ್ತಾನ" ಎಂದು ಕಟ್ಟೆಯ ಮೇಲಿನ ಗಂಡಸರು ಅನ್ನುತ್ತಾರೆ. ಹಾಲೇಶ ಕಾಲರು ಸರಿಮಾಡಿಕೊಳ್ಳುತ್ತಾನೆ. ಅವನು ಹಾಕುವುದು ಬಿಳಿ ಅಂಗಿಯೇ. ಡ್ರೈವರನಾದವನಿಗೆ ಬಿಳಿ ಅಂಗಿ ಇರಬೇಕು, ಅದಕ್ಕೆ ಕಲೆ ಇರಬಾರದು ಎಂಬುದು ಅವನ ನೇಮ. ಆ ನೇಮವನ್ನು ಪಾಲಿಸುವುದು ಮಲ್ಲೇಶ್ವರಿಯ ಕೆಲಸ.

ವ್ಯಾನು ಅವಳ ತವರಿನದು. ರಾಯಚೂರು ಹತ್ತಿರದ ಗುಂಜಹಳ್ಳಿಯಲ್ಲಿ ಅವಳ ಅಪ್ಪ ಕನಕರಾಯ ಅದೇ ವ್ಯಾನಿನಲ್ಲಿ ಕುರಿ ತುಂಬಿಕೊಂಡು ರಾಯಚೂರು ಸಂತೆಗೆ ಹೋಗುತ್ತಿದ್ದ. ಕುರಿ ಉಚ್ಚೆ ಕಬ್ಬಿಣವನ್ನು ತಿನ್ನುತ್ತದೆ. ವಾರಕ್ಕೊಮ್ಮೆ ತೊಳೆದು ಎಣ್ಣೆ ಕೊಡದಿದ್ದರೆ ಬಾಗಿಲು ಬಾಗಿಲಾಗಿ ಉಳಿಯುತ್ತಿರಲಿಲ್ಲ. ಕನಕರಾಯನ ಹೊಟ್ಟೆ ದಪ್ಪ. ಹನ್ನೆರಡು ವರ್ಷದ ಮಗಳು ಕಡ್ಡಿ. ಹಾಗಾಗಿ ಅವಳೇ ಕೆಳಗೆ ಜಾರಿದಳು, ಅಪ್ಪ ಪಕ್ಕದಲ್ಲಿ ಕೂತು ಹೇಳುತ್ತಿದ್ದ.

"ಯಪ್ಪಾ, ಎಲ್ಲಾದಕ್ಕೂ ಗ್ರೀಸ್ ಮೆತ್ತಿದ್ರ ಮುಗೀತಲ್ಲ?"

"ಎಲ್ಲಾದಕ್ಕೂ ಮೆತ್ತಿದ್ರ ಎಲ್ಲಾ ಹಾಳಾಗ್ತದ ಮಗಳ. ಮೊದ್ಲು ಹೊಲಸು ತೆಗಿ. ಹೊಲಸಿನ ಮ್ಯಾಲ ಎಣ್ಣಿ ಹಚ್ಚಿದ್ರ ಹೊಲಸಿಗೇ ನುಣುಪು ಬರ್ತದ."

ಹಾಗೆ ಕಲಿತಳು. ಮುಂದಿನ ಗಾಲಿಗಳ ಮೊಣಕೀಲಿಗೆ ಗ್ರೀಸ್ ಗನ್ನಿನಿಂದ ಗ್ರೀಸು, ಹಳೆಯದು ಹೊರಬಂದು ಹೊಸದು ಕಾಣುವವರೆಗೆ. ಗೇರಿನ ಕಂಬಿಗಳು ಒಂದಕ್ಕೊಂದು ಕೂಡುವ ಗುಂಡಿಗಳಿಗೂ ಗ್ರೀಸು. ಬಾಗಿಲ ತಿರುಗುಣಿ, ಪೆಡಲಿನ ಬುಡ, ಹ್ಯಾಂಡ್‌ಬ್ರೇಕಿನ ತಂತಿಗೆ ತೆಳು ಎಣ್ಣೆ, ಎರಡೇ ಹನಿ. ರಬ್ಬರಿಗೆ ಏನೂ ಮುಟ್ಟಿಸಬಾರದು, ಕೊಳೆಯುತ್ತದೆ. ಬ್ರೇಕಿನ ಒಳಗೆ ಒಂದು ಹನಿಯೂ ಬೀಳಬಾರದು, ಜೀವ ಹೋಗುತ್ತದೆ. ಇನ್ನು ಜಾರುವ ಬಾಗಿಲಿನ ಹಳಿಗೆ ಎಣ್ಣೆಯೂ ಇಲ್ಲ, ಗ್ರೀಸೂ ಇಲ್ಲ. ಈ ಸೀಮೆಯ ಎರೆಮಣ್ಣಿನ ಧೂಳು, ಭತ್ತದ ಹೊಟ್ಟು ಹಸಿ ಎಣ್ಣೆ ಕಂಡರೆ ಬಿಡುವುದಿಲ್ಲ. ಹಳಿಯನ್ನು ಒರೆಸಿ ಒಣಗಿಸಿ, ಮೇಣದಬತ್ತಿಯ ತುಂಡು ಉಜ್ಜಿ, ಅದರ ಮೇಲೆ ಪೆನ್ಸಿಲಿನ ಸೀಸವನ್ನು ಚಾಕುವಿನಿಂದ ಹೆರೆದು ಉದುರಿಸಬೇಕು. ಶಾಲೆಯಲ್ಲಿ ಮಕ್ಕಳು ಬಿಸಾಡಿದ ಪೆನ್ಸಿಲ್ ತುಂಡುಗಳನ್ನು ಅವಳು ಆಯ್ದು ಡಬ್ಬಿಯಲ್ಲಿ ಇಡುತ್ತಿದ್ದಳು. ಇಂದಿಗೂ ಇಡುತ್ತಾಳೆ, ವ್ಯಾನಿನ ಸೀಟಿನ ಸಂದಿಯಿಂದ ಆಯ್ದು.

ಕನಕರಾಯನ ಕಣ್ಣಿಗೆ ಪೊರೆ ಬಂತು. ಮಗಳ ಮದುವೆಯಲ್ಲಿ ವ್ಯಾನನ್ನು ಅಳಿಯನಿಗೆ ಕೊಟ್ಟ. ವ್ಯಾನು ಕೊಟ್ಟ ಎಂದು ಎರಡೂ ಊರಿನವರು ಮೆಚ್ಚಿದರು. ವ್ಯಾನನ್ನು ನಡೆಸಿಕೊಂಡು ಹೋಗುವ ಕೈಯನ್ನೂ ಜೊತೆಗೆ ಕೊಟ್ಟ ಎಂದು ಯಾರೂ ಅನ್ನಲಿಲ್ಲ.

ಮದುವೆಯಾದ ಮೊದಲ ಭಾನುವಾರವೇ ಹಾಲೇಶ ಅವಳನ್ನು ಮನೆಯ ಹಿಂದಿನ ಕುರಿದೊಡ್ಡಿಯ ಹತ್ತಿರ ಕರೆದೊಯ್ದ. "ನಿಮ್ಮಪ್ಪ ಹೇಳ್ಯಾನ, ನಿನಗ ಬರ್ತದಂತ. ಒಂದು ಸ್ವಲ್ಪ ಕೈ ಆಡಸು" ಅಂದ.

ಕೈ ಆಡಸು. ಆ ಮನೆಯಲ್ಲಿ ಎಲ್ಲ ಕೆಲಸಕ್ಕೂ ಅದೇ ಹೆಸರು. ಅಂಗಳ ಕಸ ಹೊಡೆಯುವುದು ಕಸಬರಿಗೆ ಕೈ ಆಡಸೋದು. ಸಾರು ಮಾಡುವುದು ಗಡಿಗೆಯಾಗ ಕೈ ಆಡಸೋದು. ಬಾಲಮ್ಮನ ಮೊಣಕಾಲಿಗೆ ಕುಸುಬಿ ಎಣ್ಣೆ ತಿಕ್ಕುತ್ತ ಮುಕ್ಕಾಲು ತಾಸು ಕೂರುವುದು ಕಾಲ ಮ್ಯಾಲ ಕೈ ಆಡಸೋದು. ಬೆಳಿಗ್ಗೆ ಐದಕ್ಕೆ ಗೋಣಿಚೀಲ ಹಾಸಿ ವ್ಯಾನಿನ ಕೆಳಗೆ ಮಲಗಿ, ಕಣ್ಣಿಗೆ ಬೀಳುವ ಮಣ್ಣನ್ನು ಭುಜಕ್ಕೆ ಒರೆಸಿಕೊಳ್ಳುತ್ತ, ಗಾಲಿಗೆ ಮೆತ್ತಿದ ಸೆಗಣಿ, ಯಾವುದೋ ಸತ್ತ ಹೆಗ್ಗಣದ ಕೂದಲು, ಒಣಗಿದ ರಕ್ತ ಎಲ್ಲವನ್ನೂ ಹೆರೆದು, ಎಂಟು ಗಂಟೆಗೆ ಬೆನ್ನು ನೆಟ್ಟಗೆ ಮಾಡಲಾಗದೆ ಎದ್ದುಬರುವುದೂ ಕೈ ಆಡಸೋದೇ. ಹಾಲೇಶ ಅಷ್ಟು ಹೊತ್ತು ಅಲ್ಲೇ ಹೊರಸಿನ ಮೇಲೆ ಮೊಬೈಲು ನೋಡುತ್ತಿರುತ್ತಾನೆ. ನಟ್ಟು ಬಿಚ್ಚುವ ಪಾನು ಕೇಳಿದರೆ ಕಾಲಿನಿಂದ ತಳ್ಳುತ್ತಾನೆ. ಅಂಗಿಯ ತೋಳಿಗೆ ಕಲೆಯಾದೀತು.

ಒಮ್ಮೆ ದೇವದುರ್ಗಕ್ಕೆ ನೆಂಟರ ನಿಶ್ಚಿತಾರ್ಥಕ್ಕೆ ಹೊರಟಾಗ ದಾರಿಯಲ್ಲಿ ಗೇರು ಬೀಳದೆ ನಿಂತಿತು. ಕಂಬಿಯ ಕೀಲಿನ ಪಿನ್ನು ಕಳಚಿ ಬಿದ್ದಿತ್ತು. ರೇಷ್ಮೆ ಸೀರೆಯಲ್ಲೇ ಕೆಳಗೆ ಜಾರಿ, ತಲೆಯ ಪಿನ್ನು ತೆಗೆದು ಬಾಗಿಸಿ ಸಿಕ್ಕಿಸಿದವಳು ಮಲ್ಲೇಶ್ವರಿ. ನೆಂಟರ ಮನೆಯಲ್ಲಿ ಹಾಲೇಶ ಚಹಾ ಕುಡಿಯುತ್ತ ಹೇಳಿದ: "ಗೇರಿನ ಕೀಲು ಬಿಚ್ಚಿತ್ತು. ಕೂಡಿಸಿಕೊಂಡು ಬಂದ್ನಿ." ಒಳಗೆ ಹೆಂಗಸರು ಅವಳ ಬೆನ್ನು ನೋಡಿ ಮೂಗು ಮುಚ್ಚಿಕೊಂಡರು. "ಯವ್ವಾ, ಎಲ್ಲಿ ಬಿದ್ದು ಹೊಳ್ಳಾಡಿ ಬಂದೀಬೇ?" ಎಂದು ಒಬ್ಬಳು ನಕ್ಕಳು. ಆ ಸೀರೆ ಮತ್ತೆ ಉಡುವಂತಾಗಲಿಲ್ಲ. ಅದನ್ನೇ ಹರಿದು ಗಾಡಿ ಒರೆಸಲು ಇಟ್ಟುಕೊಂಡಿದ್ದಾಳೆ.

ಇದೆಲ್ಲ ಆರು ವರ್ಷ ನಡೆಯಿತು. ಇನ್ನೂ ಆರು ವರ್ಷ ನಡೆಯುತ್ತಿತ್ತೇನೋ. ಆದರೆ ಈ ವರ್ಷ ಸುಗ್ಗಿಯ ಹೊತ್ತಿಗೆ ಶಾಲೆಯ ವ್ಯವಸ್ಥಾಪಕ ಗುರುಪ್ರಸನ್ನನ ಕಣ್ಣು ಹಾಲೇಶನ ಬಾಗಿಲ ಮೇಲೆ ಬಿತ್ತು. ಶಾಲೆಗೆ ಸ್ವಂತದ ನಾಲ್ಕು ವ್ಯಾನುಗಳಿವೆ, ಇದರ ಓರಗೆಯವೇ. ಒಂದರ ಬಾಗಿಲೂ ನೆಟ್ಟಗೆ ಸರಿಯುವುದಿಲ್ಲ.

"ಹಾಲೇಶ, ಇದಕ್ಕ ಎಣ್ಣಿ ಗ್ರೀಸು ಯಾರು ನೋಡ್ತಾರಪ್ಪ?"

"ನಾನೇರೀ ಸರ. ಬ್ಯಾರೆಯವರ ಕೈಗೆ ಕೊಡಂಗಿಲ್ಲ."

"ಹಂಗಾದ್ರ ಭಾನುವಾರ ನಮ್ಮ ನಾಕಕ್ಕೂ ನೀನೇ ಮಾಡು. ಬುಕ್ಕಿನಾಗ ಹೆಸರು ಬರಕೋತೀನಿ."

ಹಾಲೇಶ ಮನೆಗೆ ಬಂದು ಸುದ್ದಿ ಹೇಳಿದ ರೀತಿ ನೋಡಬೇಕಿತ್ತು, ನೌಕರಿ ಸಿಕ್ಕವನ ಹಾಗೆ. ಬಾಲಮ್ಮ ದೃಷ್ಟಿ ತೆಗೆದಳು. ಮಲ್ಲೇಶ್ವರಿ ಒಲೆಯ ಮುಂದೆ ಕೂತು ಕೇಳಿದಳು: "ನಾಕೂ ಯಾರು ಮಾಡವ್ರು?"

"ಡ್ರೈವರಗೋಳು ಇಲ್ಲೇ ತಂದು ಬಿಡ್ತಾರ. ದೊಡ್ಡಿ ಹಿಂದ ನಿಂದ್ರಸಿದ್ರ ಯಾರಿಗೂ ಕಾಣಂಗಿಲ್ಲ. ನೀ ನಾಕಕ್ಕ ಎದ್ದಿಯಂದ್ರ ಮಧ್ಯಾಹ್ನಕ್ಕ ಮುಗೀತದ."

"ಹೆಸರು?"

"ಯಾರ ಹೆಸರು?"

"ಬರಕೊಂಡಾರಂತಲ್ಲ."

"ನಂದು. ಮತ್ಯಾರದು ಬರೀತಾರ? ಹೆಂಗಸು ಗಾಡಿ ಕೆಳಗ ಮಲಗ್ತಾಳಂತ ಬರಸಲೇನು? ನಾಕು ಮಂದ್ಯಾಗ ನನ್ನ ಮಾರಿ ಏನಾಗಬೇಕು?" ಹಾಲೇಶ ನಕ್ಕ. "ಅದೇನು ದೊಡ್ಡದಲೇ. ಬರೀ ಕೈ ಆಡಸೋದು."

ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಕೂಗಾಡಿ ಮುಗಿಯುತ್ತಿತ್ತು. ಬಂದದ್ದು ಹೇಸಿಗೆ. ನಗುವಾಗ ಕಂಡ ಅವನ ಹಲ್ಲು, ಹಲ್ಲಿನ ಸಂದಿಯ ರೊಟ್ಟಿಯ ಚೂರು, ಅವಳೇ ಒಗೆದು ನೀಲಿ ಹಾಕಿದ ಕಾಲರು, ಅವಳೇ ತಿಕ್ಕಿದ ಎಣ್ಣೆಗೆ ಮಿರುಗುವ ಕೂದಲು. ಈ ಮನುಷ್ಯನ ಮೈಯಲ್ಲಿ ತನ್ನ ಕೈ ಆಡದ ಜಾಗವೇ ಇಲ್ಲ ಎಂದು ಅನಿಸಿತು. ಒಂದು ವ್ಯಾನಿಗೆ ಇಷ್ಟು. ಐದಾದರೆ ಭಾನುವಾರ ಎಂಬುದೇ ಇರುವುದಿಲ್ಲ. ಬೆನ್ನಂತೂ ಇರುವುದಿಲ್ಲ. ಈ ಸಲ ಒಪ್ಪಿಕೊಂಡರೆ ಸಾಯುವವರೆಗೆ ದೊಡ್ಡಿಯ ಹಿಂದೆ ಯಾರಿಗೂ ಕಾಣದೆ ಮಲಗಿರಬೇಕು. ಅದು ಅವಳಿಗೆ ಸ್ಪಷ್ಟವಾಗಿ ಕಂಡಿತು.

"ನೀ ಒಪ್ಪಿಕೊಂಡೀ, ನೀ ಮಾಡು" ಅಂದಳು.

ಹಾಲೇಶ ಅದನ್ನು ಹೆಂಗಸಿನ ಮುನಿಸು ಅಂದುಕೊಂಡ. ಭಾನುವಾರ ಬೆಳಿಗ್ಗೆ ನಾಲ್ಕು ವ್ಯಾನು ಬಂದು ದೊಡ್ಡಿಯ ಹಿಂದೆ ನಿಂತಾಗ ಮಲ್ಲೇಶ್ವರಿ ಬಚ್ಚಲಲ್ಲಿದ್ದಳು. ತನ್ನ ತಲೆಗೆ ತಾನೇ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಹೀಗೆ ಸಾವಕಾಶವಾಗಿ ಹಚ್ಚಿಕೊಂಡು ಎಷ್ಟು ತಿಂಗಳಾಗಿತ್ತೋ. ಎರೆದುಕೊಂಡು, ಒಳ್ಳೆ ಸೀರೆ ಉಟ್ಟು, "ಯಪ್ಪನ್ನ ನೋಡಿ ಬರ್ತೀನಿ" ಎಂದು ಬಸ್ಸು ಹತ್ತಿಬಿಟ್ಟಳು. ಗುಂಜಹಳ್ಳಿಯಲ್ಲಿ ಅಪ್ಪನ ಪಕ್ಕದಲ್ಲಿ ಸುಮ್ಮನೆ ಕೂತಳು. ಮಂದಗಣ್ಣಿನ ಕನಕರಾಯ ಅವಳ ಕೈ ಹಿಡಿದು ಮೂಸಿ, "ಇವತ್ತು ಗಾಡಿ ಮುಟ್ಟಿಲ್ಲೇನು?" ಎಂದು ಕೇಳಿದ. ಕೇಳಿದವನು ಅವನೊಬ್ಬನೇ.

ಇತ್ತ ಹಾಲೇಶ ಒಂದು ತಾಸು ಕಾದ. ಆಮೇಲೆ ಅಂಗಿಯ ತೋಳು ಮಡಿಸಿದ. ವ್ಯಾನಿನ ಕೆಳಗೆ ಬಗ್ಗಿ ನೋಡಿ, ಅಲ್ಲಿಯ ಹೊಲಸು ಕಂಡು ಎದ್ದ. ಮೇಲೆ ಕಾಣುವುದಕ್ಕಷ್ಟೇ ಮಾಡಿದರಾಯಿತು ಅಂದುಕೊಂಡ. ಗ್ರೀಸಿನ ಡಬ್ಬಿ ಮೂರನೇ ವ್ಯಾನಿಗೇ ಮುಗಿಯಿತು.

"ಎಣ್ಣಿ ಅಂದ್ರ ಎಣ್ಣಿ. ಇದನ್ನ ಹಾಕು" ಎಂದು ಬಾಲಮ್ಮ ಮೊಣಕಾಲಿನ ಕುಸುಬಿ ಎಣ್ಣೆಯ ಬಾಟಲಿ ತಂದುಕೊಟ್ಟಳು. ನಾಲ್ಕೂ ಬಾಗಿಲಿನ ಹಳಿಯಲ್ಲಿ, ಹಳೆಯ ಧೂಳಿನ ಮೇಲೆಯೇ, ತಾಯಿ ಮಗ ಕೂಡಿ ಗ್ರೀಸು ಮೆತ್ತಿದರು, ಎಣ್ಣೆ ಸುರಿದರು. ಬಾಗಿಲುಗಳು ಅವತ್ತು ಸೊಂಯ್ಯನೆ ಸರಿದವು. ಹಾಲೇಶ ವಿಡಿಯೊ ಮಾಡಿ ಗುರುಪ್ರಸನ್ನನಿಗೆ ಕಳಿಸಿದ. ಸಂಜೆಯ ಬಸ್ಸಿಗೆ ಮಲ್ಲೇಶ್ವರಿ ಮರಳಿದಳು.

ಬುಧವಾರ ಬೆಳಿಗ್ಗೆ ನಾಲ್ಕರಲ್ಲಿ ಪೋತ್ನಾಳಕ್ಕೆ ಹೋಗಿಬರುವ ವ್ಯಾನಿನ ಬಾಗಿಲು ತೆರೆಯಲಿಲ್ಲ. ಪೋತ್ನಾಳದ ದಾರಿಯಲ್ಲಿ ಅಕ್ಕಿ ಗಿರಣಿಗಳು, ಸುಗ್ಗಿಯ ಕಾಲ, ಗಾಳಿಯ ತುಂಬ ಹೊಟ್ಟು. ಶಾಲೆಯ ಅಂಗಳದಲ್ಲಿ ವ್ಯಾನು ನಿಂತಾಗ ಒಳಗೆ ಹದಿನಾಲ್ಕು ಮಕ್ಕಳು ಮತ್ತು ಅವರನ್ನು ಕರೆತರುವ ಟೀಚರು ವೃಂದಾ. ಎಳೆದರೆ ಬಾಗಿಲು ಒಂದು ಗೇಣು ಸರಿದು ಕಚ್ಚಿಕೊಂಡಿತು. ಮಕ್ಕಳು ಚೀರಿದವು. ಒಂದು ಕೂಸು ಸೀಟಿನಲ್ಲೇ ಉಚ್ಚೆ ಹೊಯ್ದುಕೊಂಡಿತು. ಕಡೆಗೆ ಒಂದೊಂದನ್ನೇ ಡ್ರೈವರನ ಸೀಟಿನ ಮೇಲಿಂದ ಹಾಯಿಸಿ ಇಳಿಸಿದರು. ಅಷ್ಟರಲ್ಲಿ ಇನ್ನೆರಡು ವ್ಯಾನಿನ ಬಾಗಿಲೂ ಹೀಗೇ ಕಚ್ಚಿಕೊಂಡಿವೆ ಎಂದು ತಿಳಿಯಿತು. ನಾಲ್ಕಕ್ಕೆ ಶಾಲೆ ಬಿಡುತ್ತದೆ. ಮಕ್ಕಳು ಮನೆಗೆ ಹೋಗಬೇಕು.

ಗುರುಪ್ರಸನ್ನ ಹಾಲೇಶನನ್ನು ಕರೆಸಿದ. ಹಾಲೇಶ ಬಾಗಿಲನ್ನು ಎಳೆದ, ಒದ್ದ, ಕಲ್ಲಿನಿಂದ ಬಡಿದ. ಆಮೇಲೆ "ಮನ್ಯಾಗ ಒಂದು ಸಾಮಾನ ಅದರೀ ಸರ, ತರ್ತೀನಿ" ಎಂದು ಬಾಗಲವಾಡಕ್ಕೆ ಬಂದು, ಆ ಸಾಮಾನನ್ನು ವ್ಯಾನಿನಲ್ಲಿ ಕೂಡಿಸಿಕೊಂಡು ಹೋದ.

ಮಲ್ಲೇಶ್ವರಿ ಬಂದದ್ದು ಮಕ್ಕಳ ಸುದ್ದಿ ಕೇಳಿ. ಪೋತ್ನಾಳದ ವ್ಯಾನಿನ ಹಳಿಯೊಳಗೆ ಬೆರಳು ಹಾಕಿ ತೆಗೆದಳು. ಗ್ರೀಸು, ಕುಸುಬಿ ಎಣ್ಣೆ, ಹೊಟ್ಟು, ಮಕ್ಕಳು ತಿಂದು ಚೆಲ್ಲಿದ ಬಿಸ್ಕೀಟಿನ ಪುಡಿ, ಯಾರದೋ ರಿಬ್ಬನ್ನಿನ ದಾರ, ಸತ್ತ ಇರುವೆ, ಎಲ್ಲವೂ ಬೆರೆತ ಕರಿಹಲ್ವ. ಎಣ್ಣೆ ಹಳಸಿ ನಾರುತ್ತಿತ್ತು. "ಥೂ" ಅಂದಳು. ಕೆಳಗಿನ ಗಾಲಿ ನೋಡಲು ಗೋಣಿಚೀಲ ಹಾಸಿ ಮಲಗಿದಳು.

"ಇಕಿ ಸಾಮಾನು ಹಿಡೀಲಿಕ್ಕೆ ಬಂದಾಳ್ರೀ" ಎಂದು ಹಾಲೇಶ ಗುರುಪ್ರಸನ್ನನಿಗೆ ಹೇಳುತ್ತಿದ್ದ.

ವೃಂದಾ ಟೀಚರು ಪಕ್ಕದಲ್ಲೇ ನಿಂತಿದ್ದಳು. "ಹಿಡೀಲಿಕ್ಕೆ ಬಂದಾಕಿ ಕೆಳಗ ಹೋದ್ಲು. ಎಣ್ಣಿ ಹಚ್ಚೋರು ನೀವು ನಿಂತೇ ಇದ್ದೀರಲ್ಲ ಹಾಲೇಶಣ್ಣ?" ಅಂದಳು. ಮೂರೂ ವ್ಯಾನಿನ ಡ್ರೈವರರು ಬೇರೆ ಕಡೆ ತಿರುಗಿ ಕೆಮ್ಮಿದರು.

ಮಲ್ಲೇಶ್ವರಿ ಡೀಸೆಲ್ಲಿನಲ್ಲಿ ಹಳಿ ತೊಳೆದಳು, ಒಣ ಬಟ್ಟೆಯಲ್ಲಿ ಒರೆಸಿದಳು, ಮೇಣ ಉಜ್ಜಿದಳು. ಡಬ್ಬಿಯಿಂದ ಪೆನ್ಸಿಲಿನ ತುಂಡು ತೆಗೆದು ಸೀಸ ಹೆರೆದು ಉದುರಿಸಿದಳು. ಕಿರುಬೆರಳಿನಿಂದ ಬಾಗಿಲನ್ನು ತಳ್ಳಿದಳು. ಅದು ಕೊನೆಯವರೆಗೆ ಹೋಗಿ ನಿಂತಿತು.

ಗುರುಪ್ರಸನ್ನ ಎಲ್ಲವನ್ನೂ ನೋಡಿದ. ಹಣೆಯ ಅಂಗಾರ ಅಕ್ಷತೆ ನೆರಿಗೆಗಟ್ಟುವಷ್ಟು ಯೋಚಿಸಿದ. ಒಳ್ಳೆಯ ಮನುಷ್ಯ, ಯಾರಿಗೂ ಏಕವಚನ ಬಳಸದವನು, ಡ್ರೈವರರನ್ನು ಬಿಟ್ಟು. "ಭಾಳ ಚಲೋ ಕೆಲಸ ಅಮ್ಮಾ" ಅಂದ. "ಹಿಂಗ ಮಾಡೋಣ. ಪ್ರತಿ ಭಾನುವಾರ ಗಾಡಿ ನಿಮ್ಮ ಮನಿಗೇ ಬರ್ತಾವ. ನೀವು ಮಾಡ್ರಿ. ಬುಕ್ಕಿನಾಗ ಹಾಲೇಶನ ಹೆಸರೇ ಇರ್ಲಿ. ಹೆಣ್ಮಗಳು ಗಾಡಿ ಕೆಳಗ ಮಲಗೋದು ಪಾಲಕರಿಗೆ ಸರಿ ಕಾಣಂಗಿಲ್ಲ, ನೋಡ್ರಿ."

"ಬಾಗಲಾ ತೆರೀಲಾರದ್ದು ಸರಿ ಕಾಣ್ತದೇನ್ರೀ?"

ಹಾಲೇಶ ನಡುವೆ ಬಾಯಿ ಹಾಕಿದ. "ಮಾಡ್ತಾಳ್ರೀ ಸರ. ಆಕಿಗೇನು, ಬರೀ ಕೈ ಆಡಸೋದು."

ಮಲ್ಲೇಶ್ವರಿ ಎದ್ದು ನಿಂತಳು. ಎರಡೂ ಕೈ ಮೊಣಕೈವರೆಗೆ ಕಪ್ಪಾಗಿದ್ದವು, ಹಳಸಿದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಎದುರಿಗೆ ಹಾಲೇಶನ ಬಿಳಿ ಅಂಗಿ. ಎದೆಯ ಮೇಲೆ ಒಂದು ಸುಕ್ಕಿಲ್ಲ. ಅವಳ ಕೈ ತಾನಾಗಿಯೇ ಎದ್ದು ಆ ಎದೆಯ ಹತ್ತಿರ ಹೋಯಿತು. ಒಂದು ಸಲ ಒರೆಸಿಬಿಟ್ಟರೆ ಸಾಕಿತ್ತು.

ಕೈ ಅಲ್ಲೇ ನಿಂತಿತು. ಇದನ್ನು ಒಗೆಯುವವರು ಯಾರು?

ಸಿಟ್ಟಿನಿಂದ ಒಂದು ಅಂಗಿ ಹೊಲಸು ಮಾಡುವ ಸುಖವೂ ತನಗಿಲ್ಲ, ಅದೂ ಕಡೆಗೆ ತನ್ನದೇ ಬಚ್ಚಲಿಗೆ ಬಂದು ಬೀಳುತ್ತದೆ. ಅವಳು ಕೈ ಇಳಿಸಿ ಹರಕು ರೇಷ್ಮೆ ಸೀರೆಯ ತುಂಡಿಗೆ ಒರೆಸಿಕೊಂಡಳು. ಗೋಣಿಚೀಲವನ್ನು ಎಳೆದು ಎರಡನೇ ವ್ಯಾನಿನ ಕೆಳಗೆ ಹಾಸಿದಳು.

"ಸರಾ, ಹೆಸರು ಅವಂದೇ ಇರ್ಲಿ. ಕೆಲಸಾನೂ ಅವಂದೇ" ಅಂದಳು. ಹಾಲೇಶನ ಕಡೆ ತಿರುಗಿದಳು. "ಮಲಗು."

"ಹುಚ್ಚು ಹಿಡಿದದೇನ್ಲೇ? ಬಿಳೆ ಅಂಗಿ ಅದ."

"ಅದ. ಮಲಗು. ಇನ್ನೆರಡು ಗಾಡಿ ಅದಾವ, ನಾಕಕ್ಕ ಶಾಲಿ ಬಿಡ್ತದ. ನಾ ಕೂತು ಹೇಳ್ತೀನಿ."

ಹಾಲೇಶ ಗುರುಪ್ರಸನ್ನನ ಮುಖ ನೋಡಿದ. ಗುರುಪ್ರಸನ್ನ ಗಡಿಯಾರ ನೋಡಿದ. "ಹೆಸರು ನಿಂದೇ ಬರಕೊಂಡೀನಪ್ಪ" ಅಂದ. ಡ್ರೈವರರು ಈಗ ತಿರುಗಿ ನಿಂತಿದ್ದರು. ಕಿಟಕಿಯಲ್ಲಿ ಎರಡನೇ ಇಯತ್ತೆಯ ಅರ್ಧ ತರಗತಿ ನಿಂತಿತ್ತು.

ಅವನು ಮಲಗಿದ. ಮಲ್ಲೇಶ್ವರಿ ಬಾಗಿಲ ಮೆಟ್ಟಿಲ ಮೇಲೆ ಕೂತಳು, ಇಪ್ಪತ್ತೆಂಟನೇ ವಯಸ್ಸಿಗೆ ಮೊದಲ ಸಲ ಹೇಳುವವರ ಜಾಗದಲ್ಲಿ. "ಮೊದ್ಲು ಹೊಲಸು ತೆಗಿ. ಉಗುರು ಹಾಕಿ ತೆಗಿ. ಇನ್ನೂ ಒಳಗ. ಬಾಯಿ ಮುಚ್ಚಿಕೋ, ಬೀಳ್ತದ." ಬಿದ್ದೇ ಬಿಟ್ಟಿತು. ಹಾಲೇಶ ಉಗುಳಿದ, ಕೆಮ್ಮಿದ, ತಾಯಿಯನ್ನು ನೆನೆದ. "ಇದು ಏನಲೇ ನಾರ್ತದ!" ಎಂದು ಕೆಳಗಿನಿಂದ ಕೂಗಿದ.

"ನಿಮ್ಮವ್ವನ ಮೊಣಕಾಲೆಣ್ಣಿ" ಅಂದಳು.

ವೃಂದಾ ಟೀಚರು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಮೂರೂಮುಕ್ಕಾಲಿಗೆ ಮೂರನೇ ಬಾಗಿಲು ಸರಿಯಿತು. ಹಾಲೇಶ ಎದ್ದಾಗ ಅವನ ಬೆನ್ನು ಎದೆ ಎಲ್ಲ ವ್ಯಾನಿನ ಕೆಳಭಾಗದ ಬಣ್ಣಕ್ಕೆ ತಿರುಗಿದ್ದವು. ಅವನು ಸೊಂಟಕ್ಕೆ ಕೈ ಕೊಟ್ಟು ನಿಂತ ಭಂಗಿಯನ್ನು ಮಲ್ಲೇಶ್ವರಿ ಚೆನ್ನಾಗಿ ಬಲ್ಲಳು. ಅದು ಅವಳದೇ, ಭಾನುವಾರ ಎಂಟು ಗಂಟೆಯದು. ಅದನ್ನು ನೋಡಿ ಅವಳಿಗೆ ಕನಿಕರ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಅನಿಸಿತು. ಅಷ್ಟೇ.

ಮನೆಗೆ ಬಂದು ಹಾಲೇಶ ಅಂಗಿಯನ್ನು ಬಕೀಟಿಗೆ ಎಸೆದ. ಮರುದಿನ ಮಲ್ಲೇಶ್ವರಿ ತನ್ನ ಸೀರೆ, ಬಾಲಮ್ಮನ ಸೀರೆ ಒಗೆದು ಹಾಕಿದಳು. ಅಂಗಿ ಬಕೀಟಿನಲ್ಲೇ ಉಳಿಯಿತು. ಶುಕ್ರವಾರ ನೀರಿನ ಮೇಲೆ ಕಪ್ಪು ಕೆನೆ ಕಟ್ಟಿತು. ಶನಿವಾರ ಅದರಲ್ಲಿ ಹುಳ ಆಡಿದವು. "ಬಚ್ಚಲಾ ನಾರಾಕತ್ತದ, ಏನು ಮನೀನೋ ಏನು ಕೊಟ್ಟಿಗಿನೋ" ಎಂದು ಬಾಲಮ್ಮ ಬೈದಳು. ಮಲ್ಲೇಶ್ವರಿ ಮೂಗಿಗೆ ಸೆರಗು ಕಟ್ಟಿಕೊಂಡು ಅದರ ಪಕ್ಕದಲ್ಲೇ ಸ್ನಾನ ಮಾಡಿದಳು.

ಭಾನುವಾರ ಬೆಳಿಗ್ಗೆ ದೊಡ್ಡಿಯ ಹಿಂದೆ ಯಾವ ವ್ಯಾನೂ ಬರಲಿಲ್ಲ. ಶಾಲೆಯ ಅಂಗಳದಲ್ಲೇ ಮಾಡಬೇಕೆಂದು ಗುರುಪ್ರಸನ್ನ ಹಾಲೇಶನಿಗೆ ಹೇಳಿಕಳಿಸಿದ್ದ. ಎಲ್ಲರ ಎದುರಿಗೇ ಮಾಡಲಿ, ಕುಸುಬಿ ಎಣ್ಣೆ ತರುವುದು ಬೇಡ ಎಂದೂ ಸೇರಿಸಿದ್ದ. ಹಾಲೇಶ ಹರಕು ಬನಿಯನ್ನು ಹಾಕಿಕೊಂಡು, ಗೋಣಿಚೀಲ ಸುತ್ತಿಕೊಂಡು ಹೊರಟವನು ಬಚ್ಚಲ ಬಾಗಿಲಲ್ಲಿ ನಿಂತ.

"ಅಂಗಿ ಇನ್ನೂ ಒಗದಿಲ್ಲೇನ್ಲೇ? ಇನ್ನೊಂದೂ ಹೊಲಸಾಗ್ಯದ. ಸೋಮವಾರ ಏನು ಹಾಕ್ಕೊಳ್ಳಲಿ?"

ಮಲ್ಲೇಶ್ವರಿ ರೊಟ್ಟಿ ಬಡಿಯುತ್ತಿದ್ದಳು. ಅವತ್ತು ಕೈಗೆ ಜೋಳದ ಹಿಟ್ಟಿನ ವಾಸನೆಯಷ್ಟೇ ಇತ್ತು.

"ಸೋಪು ಗೂಡಿನಾಗ ಅದ" ಅಂದಳು. "ಏನು ದೊಡ್ಡ ಕೆಲಸ ಅಲ್ಲ. ಒಂದು ಸ್ವಲ್ಪ ಕೈ ಆಡಸು."